ಲೇಹ್ ದಾರಿಯ ಬೈಕ್ ತಂಡಗಳು

ಗುಂಪು ಕಟ್ಟಿಕೊಂಡು ಬೈಕಿನಲ್ಲಿ ಲಡಾಖ್‌ಗೆ ಹೋಗುವ ರೂಢಿಗೆ ಬುನಾದಿ ಹಾಕಿದ್ದು ಪ್ರವಾಸೋದ್ಯಮಕ್ಕಿಂತ ಹೆಚ್ಚಾಗಿ ಸೇನೆ. ಬೈಕು ಬಂದದ್ದೂ ಗಡಿಗಾಗಿ, ದಾರಿ ಆದದ್ದೂ ಗಡಿಗಾಗಿ. 1950ರ ದಶಕದಲ್ಲಿ ಗಡಿ ಗಸ್ತಿಗೆಂದು ಭಾರತೀಯ ಸೇನೆ 350 ಸಿಸಿಯ ರಾಯಲ್ ಎನ್‌ಫೀಲ್ಡ್ ಬುಲೆಟ್ ಬೈಕ್‌ಗಳನ್ನು ಇಂಗ್ಲೆಂಡಿನಿಂದ ತರಿಸಿಕೊಂಡಿತು. 1955ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿಯು ಮದ್ರಾಸ್ ಮೋಟಾರ್ಸ್ ಜೊತೆ ಕೈಜೋಡಿಸಿದ್ದರಿಂದ ಅದೇ ಬೈಕು ಮದ್ರಾಸಿನಲ್ಲಿ ತಯಾರಾಗತೊಡಗಿತು. ಗಡಿಯ ದಾರಿಗಳನ್ನು ಕಟ್ಟುವ ಗಡಿ ರಸ್ತೆ ಸಂಸ್ಥೆ ಹುಟ್ಟಿದ್ದು 1960ರಲ್ಲಿ. ಲಡಾಖ್ 1974ರಲ್ಲಿ ಪ್ರವಾಸಿಗರಿಗೆ ತೆರೆದುಕೊಂಡಿತು. ಅದುವರೆಗೆ ಅಲ್ಲಿ ಓಡಾಡುತ್ತಿದ್ದ ಹೊರಗಿನವರಲ್ಲಿ ಹೆಚ್ಚಿನವರು ಸೈನಿಕರೇ.

ಲೇಹ್‌ಗೆ ಮುಖ್ಯ ದಾರಿ ಎರಡು. ಶ್ರೀನಗರದಿಂದ ಜೋಜಿಲಾ ಘಟ್ಟ ದಾಟಿ ಬರುವುದು ಹಳೆಯದು. ಮನಾಲಿಯಿಂದ ಹೊರಡುವ ದಾರಿ 2020ರವರೆಗೆ ಸುಮಾರು 475 ಕಿ.ಮೀ. ಇದ್ದು, ರೋಹ್ತಾಂಗ್, ಬಾರಲಾಚಾ, ತಂಗ್‌ಲಾಂಗ್ ಘಟ್ಟಗಳನ್ನು ಏರಿ ಇಳಿಯುತ್ತಿತ್ತು. ತಂಗ್‌ಲಾಂಗ್‌ನ ಎತ್ತರ 5,300 ಮೀಟರ್ ದಾಟುತ್ತದೆ. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್ ಬಳಿ ಶ್ರೀನಗರದ ರಸ್ತೆ ಶತ್ರುವಿನ ಫಿರಂಗಿಗೆ ಸಿಕ್ಕಾಗ ಮನಾಲಿ ರಸ್ತೆಯ ಬೆಲೆ ಎಲ್ಲರಿಗೂ ತಿಳಿಯಿತು.

ಈ ದಾರಿಯಲ್ಲಿ ವೇಳಾಪಟ್ಟಿ ಹಾಕುವುದು ನೀರು. ಬಿಸಿಲೇರಿದಂತೆ ಹಿಮ ಕರಗಿ, ರಸ್ತೆಗೆ ಅಡ್ಡ ಹರಿಯುವ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಮಧ್ಯಾಹ್ನಕ್ಕೆ ಮೊಣಕಾಲಿಗೆ ಬರುತ್ತದೆ. ಅದರಡಿಯ ಉರುಟು ಕಲ್ಲುಗಳ ಮೇಲೆ ಚಕ್ರ ಜಾರಿ ಬೈಕ್ ಮಗುಚಿದರೆ ಎಂಜಿನ್‌ಗೆ ನೀರು ನುಗ್ಗುತ್ತದೆ. ಹಾಗಾಗಿ ಹತ್ತು ಗಂಟೆಗೆ ದಾಟಬೇಕಾದ ಹಳ್ಳಕ್ಕೆ ಎರಡು ಗಂಟೆಗೆ ಬಂದ ತಂಡ ಅಲ್ಲೇ ಡೇರೆ ಹುಡುಕಿ ಉಳಿದುಬಿಡುವುದೇ ಮೇಲು. ಐದು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಹತ್ತಿರ. ಹಳೆಯ ಕಾರ್ಬ್ಯುರೇಟರ್ ಬೈಕಿಗೆ ಪೆಟ್ರೋಲು ಅಷ್ಟೇ, ಗಾಳಿ ಕಡಿಮೆ. ಪ್ಲಗ್ ಮಸಿ ಹಿಡಿದು ಬೈಕು ಏದುಸಿರು ಬಿಡುತ್ತದೆ. ಸವಾರನ ಪಾಡೂ ಅದೇ. ಒಬ್ಬರಿಗೆ ತಲೆನೋವು, ವಾಂತಿ ಶುರುವಾದರೆ ದಾರಿ ನಡುವಿನ ಸರ್ಚುವಿನಲ್ಲಿ ತಂಗುವ ಯೋಚನೆ ಬಿಟ್ಟು ಸಾವಿರ ಮೀಟರ್ ಕೆಳಗಿನ ಜಿಸ್ಪಾಕ್ಕೆ ಮರಳಬೇಕು.

ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿಯ ಪೆಟ್ರೋಲ್ ಬಂಕಿನಲ್ಲಿ, ಮುಂದಿನ ಬಂಕ್ 365 ಕಿ.ಮೀ. ದೂರದಲ್ಲಿದೆ ಎಂಬ ಫಲಕ ಬಹುಕಾಲ ಹೆಸರುವಾಸಿಯಾಗಿತ್ತು. ಹಳೆಯ ಬುಲೆಟ್ ಟ್ಯಾಂಕಿಗೆ ಹಿಡಿಯುತ್ತಿದ್ದದ್ದು ಸುಮಾರು 14 ಲೀಟರ್. ಘಟ್ಟ ಏರುವಾಗ ಮೈಲೇಜ್ ನೆಚ್ಚುವ ಹಾಗಿಲ್ಲವಾದ್ದರಿಂದ ಕ್ಯಾನು ಕಟ್ಟಿಕೊಳ್ಳುವುದು ವಾಡಿಕೆಯಾಯಿತು. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ತಂದವರು ಪೆಟ್ರೋಲಿಗೆ ಬೆರೆಸುವ ಆಯಿಲನ್ನೂ ಹೊರಬೇಕಿತ್ತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಬಿಡಿಭಾಗಗಳ ಚಿಂತೆಯೂ ಸೇರಿಕೊಂಡಿತು.

ಬಹಳೆಡೆ ಮೊಬೈಲ್ ಸಿಗ್ನಲ್ ಸಿಗದ ಈ ಹಾದಿಯಲ್ಲಿ ತಂಡದ ಶಿಸ್ತು ಗಟ್ಟಿಯಾಗಿರಬೇಕು. ಮುಂದೆ ‘ಲೀಡ್’, ಕಟ್ಟಕಡೆಗೆ ‘ಸ್ವೀಪ್’. ಸ್ವೀಪ್ ಸಾಮಾನ್ಯವಾಗಿ ರಿಪೇರಿ ಬಲ್ಲವನು. ಸ್ಪ್ಯಾನರ್, ಕ್ಲಚ್ ಕೇಬಲ್, ಟ್ಯೂಬ್ ಅವನ ಚೀಲದಲ್ಲಿರುತ್ತವೆ. ಯಾರನ್ನೂ ಹಿಂದೆ ಬಿಟ್ಟು ಅವನು ರಾತ್ರಿಯ ತಂಗುದಾಣ ಸೇರುವಂತಿಲ್ಲ. ಹೀಗಾಗಿ ಇಡೀ ತಂಡದ ವೇಗ ಅತಿ ನಿಧಾನದವನ ವೇಗವೇ. ಬೆಂಗಳೂರಿನಿಂದ ಹೊರಡುವವರಲ್ಲಿ ಹಲವರು ಟ್ಯಾಂಕ್ ಖಾಲಿ ಮಾಡಿಸಿ, ಗೋಣಿತಾಟು ಸುತ್ತಿ ಬೈಕನ್ನು ರೈಲಿನಲ್ಲಿ ದೆಹಲಿಗೋ ಚಂಡೀಗಢಕ್ಕೋ ಪಾರ್ಸೆಲ್ ಮಾಡುತ್ತಾರೆ. ಸವಾರ ಇಳಿದ ದಿನವೇ ಬೈಕೂ ಇಳಿದರೆ ಅದೃಷ್ಟ. ಎಷ್ಟೋ ಪ್ರವಾಸಗಳ ಯೋಜನೆಯ ಮೊದಲ ಬದಲಾವಣೆ ಪಾರ್ಸೆಲ್ ಆಫೀಸಿನ ಮುಂದೆಯೇ ಆಗಿಬಿಡುತ್ತದೆ. ಅನುಭವಸ್ಥರು ಲೆಕ್ಕದಲ್ಲಿ ಒಂದೆರಡು ಖಾಲಿ ದಿನ ಇಟ್ಟುಕೊಳ್ಳುವುದು ಇದಕ್ಕೇ.

ಎರಡು ದಿನ ಸಾಲದ ಸಂದರ್ಭಗಳೂ ಬಂದಿವೆ. 2010ರ ಆಗಸ್ಟ್ 5ರ ರಾತ್ರಿ ಲೇಹ್ ಸುತ್ತ ಮೇಘಸ್ಫೋಟವಾಗಿ ನೂರಾರು ಜನ ಸತ್ತರು. ರಸ್ತೆ, ಸೇತುವೆಗಳು ಕೊಚ್ಚಿಹೋದವು. 2019ರ ಆಗಸ್ಟ್ 2ರಂದು ಪ್ರವಾಸಿಗರು ಕಾಶ್ಮೀರ ಕಣಿವೆ ಬಿಡಬೇಕೆಂದು ಸರ್ಕಾರ ಸೂಚಿಸಿದಾಗ ಶ್ರೀನಗರದ ದಾರಿ ಲೆಕ್ಕದಿಂದ ಹೊರಗುಳಿಯಿತು.

2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ 9.02 ಕಿ.ಮೀ. ಉದ್ದದ ಅಟಲ್ ಸುರಂಗ ರೋಹ್ತಾಂಗ್ ಏರುವ ಕಷ್ಟ ತಪ್ಪಿಸಿ, ದಾರಿಯನ್ನು 46 ಕಿ.ಮೀ. ಕಡಿಮೆ ಮಾಡಿತು. ಬಾರಲಾಚಾ ಮಾತ್ರ ಈಗಲೂ ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚುತ್ತದೆ. ಅದು ಯಾವ ತಾರೀಖಿಗೆ ತೆರೆಯುತ್ತದೆಂಬುದು ಹಿಮ ತೆಗೆದ ಮೇಲೆಯೇ ಗೊತ್ತಾಗುವುದು.