'ಕುಪ್ಪೇಲೂರು' ಅಂತ ಒತ್ತಿದರೆ ಏನೇನು ಬದಲಾಗಬೇಕು?

ವ್ಯಾಪಾರದ ಲೆಕ್ಕ ತೋರಿಸೋ ಡ್ಯಾಶ್‌ಬೋರ್ಡ್ ನೋಡಿದವರಿಗೆಲ್ಲ ಅದರ ಮೇಲ್ಗಡೆ ಇರೋ ಫಿಲ್ಟರ್ ಗೊತ್ತಿರುತ್ತೆ. ತಾಲೂಕು, ವರ್ಷ ಆರಿಸಿದರೆ ಸಾಕು, ಕೆಳಗಿನ ನಕ್ಷೆ, ಪಟ್ಟಿ, ಗ್ರಾಫು ಎಲ್ಲವೂ ಒಟ್ಟಿಗೇ ಬದಲಾಗುತ್ತವೆ. ಒಂದೇ ಸಾಣಿಗೆಯಲ್ಲಿ ಎಲ್ಲ ಕಾಳನ್ನೂ ಸಾಣಿಸಿದ ಹಾಗೆ! ಈ ಅನುಕೂಲದ ಹಿಂದೆ ಎರಡು ಇತಿಹಾಸಗಳಿವೆ. ಒಂದು ಅಮೆರಿಕದ್ದು, ಇನ್ನೊಂದು ನಮ್ಮ ತಾಲೂಕು-ಹೋಬಳಿಗಳದ್ದು. ಎರಡನೆಯದನ್ನು ಮರೆತರೆ ಫಿಲ್ಟರ್ ನಯವಾಗಿ ಸುಳ್ಳು ಹೇಳುತ್ತೆ.

ಮೊದಲನೆಯದನ್ನು ಚುಟುಕಾಗಿ ಹೇಳ್ತೀನಿ. ಒಂದು ಚಿತ್ರದಲ್ಲಿ ಕೆಲವು ಚುಕ್ಕಿಗಳನ್ನು ಗುರುತು ಮಾಡಿದರೆ ಪಕ್ಕದ ಚಿತ್ರಗಳಲ್ಲೂ ಅವೇ ಚುಕ್ಕಿಗಳು ಎದ್ದು ಕಾಣುವ ವಿಧಾನವನ್ನು ಬೆಲ್ ಲ್ಯಾಬ್ಸ್‌ನ ರಿಚರ್ಡ್ ಬೆಕರ್ ಮತ್ತು ವಿಲಿಯಂ ಕ್ಲೀವ್‌ಲ್ಯಾಂಡ್ 1987ರಲ್ಲಿ ವಿವರಿಸಿದರು. 1996ರಲ್ಲಿ ರಾಲ್ಫ್ ಕಿಂಬಾಲ್ ತಮ್ಮ ಪುಸ್ತಕದಲ್ಲಿ ಒಂದು ಷರತ್ತು ಹಾಕಿದರು. ಮಾರಾಟ, ದಾಸ್ತಾನು, ಖರೀದಿಯ ಕೋಷ್ಟಕಗಳು ಬೇರೆ ಬೇರೆ ಇರಲಿ, ಆದರೆ ಊರು, ಸರಕು, ತಾರೀಕಿನ ಪಟ್ಟಿ ಎಲ್ಲಕ್ಕೂ ಒಂದೇ ಇರಬೇಕು. ಆಮೇಲೆ ಎಕ್ಸೆಲ್ 2010ರಲ್ಲಿ ಸ್ಲೈಸರ್ ಬಂತು. 2018ರಲ್ಲಿ ಪವರ್ ಬಿಐನಲ್ಲಿ ಒಂದು ಪುಟದ ಸ್ಲೈಸರ್ ಉಳಿದ ಪುಟಗಳಿಗೂ ಅನ್ವಯಿಸೋ ಹಾಗಾಯ್ತು. ಗುಂಡಿ ಒತ್ತೋದು ಸುಲಭ ಆಯ್ತು, ಕಿಂಬಾಲರ ಷರತ್ತು ಮಾತ್ರ ಹಾಗೇ ಉಳೀತು.

ಈಗ ನಮ್ಮ ಕಡೆಗೆ ಬರೋಣ. ರಾಣೇಬೆನ್ನೂರಿನ ಒಬ್ಬ ಬೀಜದ ವ್ಯಾಪಾರಿ ಅಂದ್ಕೊಳ್ಳಿ. ಅವನ ಪರದೆಯಲ್ಲಿ ಮಾರಾಟ, ಮಳೆ, ಬೆಳೆವಿಮೆ ಮೂರೂ ಇವೆ. 'ಕುಪ್ಪೇಲೂರು' ಅಂತ ಆರಿಸಿದ. ಯಾವ ಕುಪ್ಪೇಲೂರು? ಅದು ಊರೂ ಹೌದು, ಹೋಬಳಿಯೂ ಹೌದು.

ಕಂದಾಯ ಇಲಾಖೆಯ ಏಣಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಅಂತ ಇಳಿಯುತ್ತೆ. 2001ರ ಹೊತ್ತಿಗೆ ರಾಜ್ಯದ ತುಂಬ ಹರಡಿದ 'ಭೂಮಿ' ಯೋಜನೆ ಪಹಣಿಗಳನ್ನೆಲ್ಲ ಗಣಕಕ್ಕೆ ಏರಿಸಿದ್ದು ಇದೇ ಏಣಿ ಹಿಡಿದು. ಪಂಚಾಯಿತಿಯವರ ಏಣಿಯಲ್ಲಿ ಹೋಬಳಿಯೇ ಇಲ್ಲ. 1983ರ ಕಾಯ್ದೆಯಂತೆ ಮಂಡಲ ಪಂಚಾಯಿತಿಗಳು ಬಂದವು, 1993ರ ಕಾಯ್ದೆ ಅವನ್ನು ತೆಗೆದು ಗ್ರಾಮ ಪಂಚಾಯಿತಿ ತಂತು. ಈ ಎರಡು ಏಣಿ ಖಂಡಿತವಾಗಿ ಕೂಡೋದು ಮೇಲೆ ತಾಲೂಕಿನಲ್ಲಿ, ಕೆಳಗೆ ಹಳ್ಳಿಯಲ್ಲಿ ಮಾತ್ರ.

ಇದು ಬರೀ ಕಾಗದದ ಜಗಳ ಅಲ್ಲ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಡಿ ನಮ್ಮ ರಾಜ್ಯದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ ವಿಮಾ ಘಟಕ. ಹೋಬಳಿಯ ಸರಾಸರಿಯಲ್ಲಿ ಬೆಳೆ ಚೆನ್ನಾಗಿದೆ ಅಂತ ಬಂದರೆ, ಅದರೊಳಗಿನ ಒಂದು ಪಂಚಾಯಿತಿಯಲ್ಲಿ ಒಣಗಿದ ಹೊಲ ಕಾಣೋದೇ ಇಲ್ಲ. ಎರಡೂ ಅಂಕಿಗಳನ್ನು ಒಂದೇ ಫಿಲ್ಟರಿಗೆ ಕಟ್ಟಿ ಹೋಲಿಸಿದವನು ಬೀಜವನ್ನು ತಪ್ಪು ಊರಿಗೆ ಕಳಿಸ್ತಾನೆ.

ವರ್ಷದ ಫಿಲ್ಟರ್ ಇನ್ನೂ ಮೋಜಿನದು. 1997ರ ಆಗಸ್ಟ್‌ವರೆಗೂ ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ ಎಲ್ಲವೂ ಧಾರವಾಡ ಜಿಲ್ಲೆಯವು. 1991ರ ಜನಗಣತಿಯಲ್ಲಿ ಧಾರವಾಡದ ಕೆಳಗೆ, 2001ರಲ್ಲಿ ಹಾವೇರಿಯ ಕೆಳಗೆ. 'ಹಾವೇರಿ' ಅಂತ ಆರಿಸಿದರೆ ಹಿಂದಿನದೆಲ್ಲ ಖಾಲಿ. 'ಧಾರವಾಡ' ಅಂದರೆ 1997ರಲ್ಲಿ ಗ್ರಾಫು ಧಡಕ್ಕನೆ ಕೆಳಗೆ ಬೀಳುತ್ತೆ. ನೋಡಿದವರು ವ್ಯಾಪಾರವೇ ಕುಸೀತು ಅಂದ್ಕೋಬೇಕು! ಆಮೇಲೆ ಹಿರೇಕೆರೂರಿನಿಂದ ಬೇರೆಯಾದ ರಟ್ಟೀಹಳ್ಳಿ ತಾಲೂಕಿನದೂ ಇದೇ ಕತೆ.

ಇನ್ನು ಕಾಗುಣಿತ. ರಾಣೇಬೆನ್ನೂರು, ರಾಣೆಬೆನ್ನೂರು, ರಾಣಿಬೆನ್ನೂರು... ನಮಗೆ ಒಂದೇ ಊರು, ಗಣಕಕ್ಕೆ ಮೂರು. ಯೂನಿಕೋಡಿನ ಗಮ್ಮತ್ತು ಇದಕ್ಕಿಂತ ಹೆಚ್ಚು. ಕುಪ್ಪೇಲೂರಿನ 'ಪ್ಪೇ'ಯಲ್ಲಿರೋ ಏತ್ವವನ್ನು ಒಂದೇ ಸಂಕೇತದಲ್ಲೂ ಬರೀಬಹುದು, ಎತ್ವ ಮತ್ತು ದೀರ್ಘ ಅಂತ ಎರಡರಲ್ಲೂ ಬರೀಬಹುದು. ಕಣ್ಣಿಗೆ ಕೂದಲೆಳೆಯ ವ್ಯತ್ಯಾಸ ಇಲ್ಲ. ಮೊದಲೇ ಒಂದು ರೂಪಕ್ಕೆ ತಂದಿರದಿದ್ದರೆ ಫಿಲ್ಟರ್ ಅರ್ಧ ಸಾಲುಗಳನ್ನು ಬಿಟ್ಟುಬಿಡಬಹುದು. :-)

ಹಾಗಾದರೆ ಮಾಡೋದೇನು? ಗುಂಡಿ ಕೂರಿಸೋದಕ್ಕೆ ಮುಂಚೆ ಒಂದು ಊರಪಟ್ಟಿ ಮಾಡಬೇಕು. ಪ್ರತಿ ಹಳ್ಳಿಗೆ ಒಂದು ಸಾಲು, ಹೆಸರಿನ ಜತೆ 2011ರ ಜನಗಣತಿಯ ಆರಂಕಿಯ ಸಂಖ್ಯೆ. ಪಕ್ಕದಲ್ಲಿ ಅದರ ಹೋಬಳಿ, ಪಂಚಾಯಿತಿ, ತಾಲೂಕು, ಜಿಲ್ಲೆ, ಮತ್ತು ಅದು ಯಾವಾಗಿನಿಂದ ಯಾವಾಗಿನವರೆಗೆ ಅನ್ನೋದು. ಮಾರಾಟವೋ ಮಳೆಯೋ, ಎಲ್ಲ ಕೋಷ್ಟಕವೂ ಈ ಪಟ್ಟಿಗೇ ಕೂಡಬೇಕು, ಫಿಲ್ಟರ್ ಈ ಪಟ್ಟಿಯ ಮೇಲೇ ಕೂರಬೇಕು. ತಾಲೂಕಿನ ಮಟ್ಟದ ಅಂಕಿ ಮಾತ್ರ ಇದ್ದರೆ ಹೋಬಳಿ ಆರಿಸಿದಾಗ ಅದು 'ಈ ಮಟ್ಟದ ಮಾಹಿತಿ ಇಲ್ಲ' ಅನ್ನಲಿ, ಸುಮ್ಮನೆ ಸೊನ್ನೆ ತೋರಿಸೋದು ಬೇಡ. ಸೊನ್ನೆ ಅಂದರೆ ಮಾರಾಟ ಆಗಿಲ್ಲ ಅಂತ ಅರ್ಥ. ಅದಕ್ಕೂ ಗೊತ್ತಿಲ್ಲ ಅನ್ನೋದಕ್ಕೂ ಬಹಳ ಅಂತರ ಇದೆ.

ಹಳೇ ಶಾನುಭೋಗರ ದಫ್ತರದಲ್ಲಿ ಯಾವ ಊರು ಯಾವುದಕ್ಕೆ ಸೇರಿತ್ತು ಅನ್ನೋದಕ್ಕೆ ಜಾಗ ಇರುತ್ತಿತ್ತು. ನಮ್ಮ ಕೋಷ್ಟಕಗಳಲ್ಲೂ ಅದಕ್ಕೊಂದು ಕಾಲಂ ಇರಲಿ. ಅಂದಹಾಗೆ, ನಿಮ್ಮೂರು ಎಷ್ಟು ಜಿಲ್ಲೆ ಬದಲಾಯಿಸಿದೆ, ಎಷ್ಟು ಕಾಗುಣಿತ ಕಂಡಿದೆ?