ಅಕ್ಷರವೇ ಬೇಲಿಯಾದಾಗ

ಮೂವತ್ತು ವರ್ಷಕ್ಕೂ ಮಿಗಿಲಾಗಿ ಅಕ್ಷರವನ್ನೇ ನಂಬಿ ಅನ್ನ ಉಂಡವನು ನಾನು. ಆ ಅಕ್ಷರವೇ ಮನುಷ್ಯನ ಹಕ್ಕಿಗೆ ಬೇಲಿಯಾದ ಚರಿತ್ರೆಯೊಂದನ್ನು ಓದಿ ಮನಸ್ಸು ಮುದುಡಿತು.

ಅಮೆರಿಕದಲ್ಲಿ ಗುಲಾಮಗಿರಿ ಅಳಿದ ಮೇಲೆ, ವರ್ಣದ ಕಾರಣದಿಂದ ಯಾರ ಮತವನ್ನೂ ಕಸಿಯಕೂಡದೆಂದು 1870ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಯಿತು. ದಕ್ಷಿಣದ ರಾಜ್ಯಗಳು ಅದಕ್ಕೆ ಬಳಸುದಾರಿ ಹುಡುಕಿದವು. ಮಿಸಿಸಿಪಿಯ 1890ರ ಸಂವಿಧಾನದಲ್ಲಿ, ಮತದಾನದ ಕಟ್ಟಳೆಯೊಳಗೆ, ವರ್ಣದ ಮಾತೇ ಇಲ್ಲ. ಮತದಾರನು ಎರಡು ಡಾಲರ್ ತಲೆಗಂದಾಯ ತೆತ್ತಿರಬೇಕು. ಸಂವಿಧಾನದ ಒಂದು ಭಾಗವನ್ನು ಓದಬೇಕು, ಇಲ್ಲವೇ ಕೇಳಿ ಅರ್ಥ ಹೇಳಬೇಕು. ಅರ್ಥ ಸರಿಯೇ ಎಂದು ತೀರ್ಮಾನಿಸುವವನು ಬಿಳಿಯ ಅಧಿಕಾರಿ! ಲೂಯಿಸಿಯಾನಾದಲ್ಲಿಯೂ 1898ರಲ್ಲಿ ಇಂಥದೇ ಕಟ್ಟಳೆ ಬಂದಿತು. ಅಲ್ಲಿ 1896ರಲ್ಲಿ 1,30,334 ಇದ್ದ ಕಪ್ಪು ಮತದಾರರು 1904ರ ಹೊತ್ತಿಗೆ 1,342 ಮಂದಿ ಮಾತ್ರ ಉಳಿದರು.

ಕಂದಾಯ ತೆರಲಾರದ ಎಷ್ಟೋ ಬಡ ಬಿಳಿಯರೂ ಪಟ್ಟಿಯಿಂದ ಹೊರಬಿದ್ದರು. ತಮಗಿಂತ ಕೆಳಗೆ ಇನ್ನೊಬ್ಬನಿದ್ದಾನೆಂಬ ಸಮಾಧಾನಕ್ಕೆ ಅವರು ತೆತ್ತ ಬೆಲೆ ತಮ್ಮದೇ ಮತ.

1964ರ ತಿದ್ದುಪಡಿ ರಾಷ್ಟ್ರಮಟ್ಟದ ಚುನಾವಣೆಗಳಲ್ಲಿ ತಲೆಗಂದಾಯವನ್ನು ಕಿತ್ತಿತು. 1965ರ ಮತದಾನ ಹಕ್ಕು ಕಾಯಿದೆ ಆ ರಾಜ್ಯಗಳಲ್ಲಿ ಅಕ್ಷರಪರೀಕ್ಷೆಯನ್ನು ನಿಲ್ಲಿಸಿತು. ಅಷ್ಟರಲ್ಲಿ ಮಿಸಿಸಿಪಿಯ ಆ ಕಟ್ಟಳೆಗೆ ಎಪ್ಪತ್ತೈದು ವರ್ಷ ತುಂಬಿತ್ತು.

‘ಓದು ಬಾರದವನಿಗೆ ಮತವೇಕೆ?’ ಎಂದು ನಮ್ಮಲ್ಲಿಯೂ ವಿದ್ಯಾವಂತರು ಕೇಳುವುದುಂಟು. ನಾನೂ ಒಮ್ಮೆ ಕೇಳಿದ್ದೆ. ಈಗ ಆ ಮಾತು ಕಿವಿಗೆ ಬಿದ್ದರೆ ಮಿಸಿಸಿಪಿಯ ಆ ಅಧಿಕಾರಿಯ ಮೇಜು ಕಣ್ಣೆದುರು ಬರುತ್ತದೆ.