ಚೆಕ್‌ರೋಲ್‌ನಲ್ಲಿ ಬಿಟ್ಟುಹೋದ ‘ಅಮ್ಮ’

ಕೊಟ್ಟಿಗೆಹಾರದಲ್ಲಿ ರಸ್ತೆ ಕವಲೊಡೆಯುತ್ತದೆ. ಚಾರ್ಮಾಡಿ ಘಾಟಿ ಹತ್ತಿ ಬಂದ ಬಸ್ಸುಗಳಲ್ಲಿ ಕೆಲವು ಬಣಕಲ್ ಮೇಲೆ ಮೂಡಿಗೆರೆಗೆ ಹೋಗುತ್ತವೆ, ಕೆಲವು ಬಾಳೂರು ಕಡೆಗೆ ತಿರುಗಿ ಕಳಸ, ಹೊರನಾಡಿಗೆ ಹೋಗುತ್ತವೆ. ದೇವರ ದರ್ಶನಕ್ಕೆ ಹೊರಟವರು ಇಲ್ಲಿ ಇಳಿದು ನೀರುದೋಸೆ ತಿಂದು, ಮಂಜು ನೋಡಿ, ಮತ್ತೆ ಬಸ್ಸು ಹತ್ತುತ್ತಾರೆ. ಅದೇ ಜಾಗದಲ್ಲಿ ಪ್ಲಾಸ್ಟಿಕ್ ಕವರನ್ನು ಎದೆಗೆ ಅವಚಿಕೊಂಡು ಕೂತ ಮುದುಕ ಮುದುಕಿಯರು ಅವರ ಕಣ್ಣಿಗೆ ಬೀಳೋದಿಲ್ಲ. ಆ ಕವರಿನಲ್ಲಿ ರೇಷನ್ ಕಾರ್ಡು, ಆಧಾರು, ಬ್ಯಾಂಕ್ ಪಾಸ್‌ಬುಕ್ಕು, ಯಾವುದೋ ಕಾಲದ ಪಿ.ಎಫ್. ಚೀಟಿ ಇರುತ್ತವೆ. ನಲವತ್ತು ವರ್ಷದ ಬೆವರಿಗೆ ಉಳಿದ ಸಾಕ್ಷಿ ಅಷ್ಟೇ.

ಈ ಲೇಖನ ಆ ಕವರಿನ ಚರಿತ್ರೆ. ಬಾಬಾಬುಡನ್ ತಂದ ಏಳು ಬೀಜದ ಕತೆ ಎಲ್ಲರಿಗೂ ಗೊತ್ತು. ಆ ಬೀಜಕ್ಕೆ ಗುಂಡಿ ತೋಡಿದವರು ಮುದುಕರಾದ ಮೇಲೆ ಏನಾದರು ಅನ್ನೋದನ್ನು ಯಾರೂ ಬರೆಯಲಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಬಿಳಿಯ ದೊರೆಗಳು ಈ ಮಲೆಗಳಲ್ಲಿ ಕಾಫಿ ಹಾಕಿದರು. ಅವರ ಜೊತೆಗೂ ಅವರ ನಂತರವೂ ನಮ್ಮ ಮೇಲ್ಜಾತಿಯ ಒಡೆಯರು ತೋಟ ಮಾಡಿದರು. ದುಡಿಯುವ ಕೈ ಮಾತ್ರ ಬದಲಾಗಲಿಲ್ಲ. ಬಯಲುಸೀಮೆಯಿಂದ, ಘಟ್ಟದ ಕೆಳಗಿನಿಂದ, ತಮಿಳು ನಾಡಿನಿಂದ ಮೇಸ್ತ್ರಿ ಮುಂಗಡ ಕೊಟ್ಟು ಜನರನ್ನು ಕರೆತಂದ. ಅದರಲ್ಲಿ ಬಹುಪಾಲು ನಮ್ಮವರೇ. ಮುಂಗಡ ಸಾಲವಾಯಿತು, ಸಾಲ ಲೈನು ಮನೆಯಾಯಿತು. ದಿನದ ಕೊನೆಗೆ ರೈಟರು ಚೆಕ್‌ರೋಲ್ ತೆಗೆದು ಹೆಸರು ಕೂಗುತ್ತಿದ್ದ. ಆ ಪುಸ್ತಕದಲ್ಲಿ ಇವತ್ತು ಬಂದವರಿಗೆ ಒಂದು ಗೆರೆ ಬೀಳುತ್ತಿತ್ತು. ಯಾವಾಗ ಹುಟ್ಟಿದರು, ಯಾವಾಗ ಕೆಲಸಕ್ಕೆ ಸೇರಿದರು ಅನ್ನೋದಕ್ಕೆ ಅಲ್ಲಿ ಜಾಗವಿರಲಿಲ್ಲ. ಗೆರೆ ನಿಂತ ದಿನ ಮನುಷ್ಯನೂ ಮುಗಿದ. ಲೈನು ಮನೆ ಬೇರೆಯವರಿಗೆ ಬೇಕಲ್ಲ!

ಒಂದು ಹೋಲಿಕೆ ನೋಡಿ. ಇಂಗ್ಲೆಂಡಿನಲ್ಲಿ 1908ರಲ್ಲಿ ವೃದ್ಧಾಪ್ಯ ಪಿಂಚಣಿ ಕಾನೂನು ಬಂತು. 1909ರ ಜನವರಿ 1ರಿಂದ ಎಪ್ಪತ್ತು ದಾಟಿದ ಬಡವರು ತಮ್ಮೂರಿನ ಅಂಚೆ ಕಚೇರಿಗೆ ಹೋಗಿ ವಾರಕ್ಕೆ ಐದು ಶಿಲ್ಲಿಂಗ್ ತನಕ ಈಸಿಕೊಳ್ಳತೊಡಗಿದರು. ಅದೇ ದೇಶದ ದೊರೆಗಳ ತೋಟದಲ್ಲಿ ಸೊಂಟ ಬಗ್ಗಿಸಿದ ನಮ್ಮವರಿಗೆ ಐದು ಕಾಸೂ ಇರಲಿಲ್ಲ. ಮುದುಕರು ಅನ್ನ ತಿನ್ನಬೇಕು ಅನ್ನೋದು ಆ ಸಾಮ್ರಾಜ್ಯಕ್ಕೆ ಗೊತ್ತಿತ್ತು. ಯಾವ ಮುದುಕರು ಅನ್ನೋದರಲ್ಲಿತ್ತು ವ್ಯತ್ಯಾಸ.

ನಮ್ಮ ಕಡೆಯ ಚರಿತ್ರೆ ಸ್ವಲ್ಪ ಅಲುಗಾಡಿದ್ದು ನಲವತ್ತರ ದಶಕದಲ್ಲಿ. 1942ರಿಂದ 1946ರವರೆಗೆ ಬಾಬಾಸಾಹೇಬ್ ಅಂಬೇಡ್ಕರ್ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದರು. ಕಾರ್ಮಿಕರ ಸ್ಥಿತಿಗತಿಯ ದೊಡ್ಡ ವಿಚಾರಣೆಗಳು ಶುರುವಾದದ್ದು ಆ ಕಾಲದಲ್ಲೇ. ಡಿ.ವಿ. ರೇಗೆ ಚಹಾ, ಕಾಫಿ, ರಬ್ಬರ್ ತೋಟಗಳ ಕೂಲಿಕಾರರ ಬಗ್ಗೆ ಕೊಟ್ಟ ವರದಿ 1946ರದು. ಆಮೇಲೆ 1951ರಲ್ಲಿ ತೋಟ ಕಾರ್ಮಿಕರ ಕಾಯಿದೆ ಬಂತು, 1954ರಲ್ಲಿ ಜಾರಿಯಾಯಿತು. ಮನೆ, ನೀರು, ಆಸ್ಪತ್ರೆ, ಕಾಯಿಲೆ ಭತ್ಯೆ, ಬಾಣಂತಿ ಭತ್ಯೆ ಅದರಲ್ಲಿದ್ದವು. ಮುಪ್ಪು ಇರಲಿಲ್ಲ. ಕಾರ್ಖಾನೆಯವರಿಗಾಗಿ 1948ರಲ್ಲಿ ಬಂದ ಇ.ಎಸ್.ಐ. ಕಾನೂನಿನಿಂದಲೂ ತೋಟಗಳು ಹೊರಗುಳಿದವು. ಸಂವಿಧಾನದ 41ನೇ ಕಲಂ ಮಾತ್ರ ಮುಪ್ಪು, ಕಾಯಿಲೆ, ಅಂಗವೈಕಲ್ಯದಲ್ಲಿ ಸರ್ಕಾರದ ನೆರವು ಜನರ ಹಕ್ಕಾಗಬೇಕು ಅಂತ ಹೇಳಿತು. ಆದರೆ ಅದು ಕೂತಿರೋದು ನಿರ್ದೇಶಕ ತತ್ವಗಳ ಸಾಲಿನಲ್ಲಿ. ಕೋರ್ಟಿಗೆ ಹೋಗಿ ಕೊಡಿಸಿ ಅಂತ ಕೇಳುವ ಹಾಗಿಲ್ಲ.

ಭವಿಷ್ಯನಿಧಿ ಕಾನೂನು 1952ರದು. ಕಾಫಿ ತೋಟಗಳಿಗೆ ಅದು ತಲುಪಿದ್ದು 1957ರಲ್ಲಿ. ಅದೂ ಹೆಚ್ಚು ಜನ ಕೆಲಸಕ್ಕಿರುವ ತೋಟಗಳಿಗೆ ಮಾತ್ರ. ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಅಲ್ಲಿ ಹಣ್ಣು ಕೊಯ್ಯುವವಳಿಗೆ ಪಿ.ಎಫ್. ಅನ್ನೋದು ಪಕ್ಕದ ದೊಡ್ಡ ಎಸ್ಟೇಟಿನವರ ಬಾಯಲ್ಲಿ ಕೇಳುವ ಮಾತು, ಅಷ್ಟೇ. 1974ರಲ್ಲಿ ಉಳುವವನಿಗೆ ಭೂಮಿ ಅಂದಾಗ ಬಯಲುಸೀಮೆಯ ಗೇಣಿದಾರ ಅರ್ಜಿ ಹಾಕಿದ. ಕಾಫಿ, ಏಲಕ್ಕಿ, ಮೆಣಸಿನ ತೋಟಗಳಿಗೆ ಆ ಕಾನೂನಿನಲ್ಲಿ ವಿನಾಯಿತಿ ಇತ್ತು. ಹಾಗಾಗಿ ಇಲ್ಲಿಯ ಕೂಲಿಕಾರನಿಗೆ ಮುಪ್ಪಿನಲ್ಲಿ ಕೂರಲು ಒಂದು ಗುಂಟೆಯೂ ದಕ್ಕಲಿಲ್ಲ. ಭೂಮಿ ಇಲ್ಲದವನಿಗೆ ಪಿಂಚಣಿಯೇ ಭೂಮಿ. ಅದಕ್ಕೇ ಈ ಕಾಗದದ ಜಗಳ ನಮಗೆ ಹೊಟ್ಟೆಯ ಜಗಳ.

1995ರ ನವೆಂಬರ್ 16ರಿಂದ ಪಿ.ಎಫ್. ಜೊತೆಗೇ ಪಿಂಚಣಿ ಯೋಜನೆ ಬಂತು. ಅದರ ಲೆಕ್ಕ ಸರಳ: ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಪಿಂಚಣಿಗೆ ಹಿಡಿಯುವ ಸಂಬಳ 4000, ಸೇವೆ 15 ವರ್ಷ ಅಂತಿಟ್ಟುಕೊಳ್ಳಿ, ತಿಂಗಳಿಗೆ 857 ರೂಪಾಯಿ. ಕೂಲಿ ಕಡಿಮೆ ಕೊಟ್ಟವನ ಪಾಪ ಪಿಂಚಣಿಯಲ್ಲೂ ಮುಂದುವರಿಯುತ್ತದೆ. 1000ಕ್ಕಿಂತ ಕಡಿಮೆ ಕೊಡಬಾರದು ಅಂತ ಸರ್ಕಾರ ಹೇಳಿದ್ದು 2014ರ ಸೆಪ್ಟೆಂಬರ್‌ನಲ್ಲಿ.

ಆದರೆ ಆ ಸಾವಿರಕ್ಕೂ ಹತ್ತು ವರ್ಷದ ಸೇವೆ ಬೇಕು. ಇಲ್ಲೇ ನಮ್ಮವರು ಮುಗ್ಗರಿಸಿದ್ದು. ತೋಟ ಬಿಡುವಾಗ 10ಸಿ ಅನ್ನುವ ಫಾರಂ ತುಂಬಬೇಕು. ಅದರಲ್ಲಿ ಎರಡು ದಾರಿ ಇವೆ. ಪಿಂಚಣಿಯ ದುಡ್ಡನ್ನು ಕೈಗೆ ಪಡೆದರೆ ಅಷ್ಟು ವರ್ಷದ ಸೇವೆ ಅಳಿಸಿಹೋಗುತ್ತದೆ. ಸ್ಕೀಂ ಸರ್ಟಿಫಿಕೇಟ್ ಪಡೆದರೆ ಆ ಸೇವೆ ಮುಂದಿನ ತೋಟದ ಸೇವೆಗೆ ಕೂಡುತ್ತದೆ. ಆರು ವರ್ಷ ಒಂದು ತೋಟ, ಏಳು ವರ್ಷ ಇನ್ನೊಂದು ತೋಟ ದುಡಿದವರು ಎರಡು ಸಲವೂ ದುಡ್ಡು ಪಡೆದರೆ ಹದಿಮೂರು ವರ್ಷ ಸೊನ್ನೆ. ಇದನ್ನು ಹೇಳುವವರು ಯಾರು? ಮಗಳ ಮದುವೆ ಹತ್ತಿರ ಬಂದಿರುತ್ತದೆ, ಫಾರಂ ಇಂಗ್ಲಿಷಿನಲ್ಲಿ ಇರುತ್ತದೆ, ರೈಟರು ‘ಇಲ್ಲಿ ಹೆಬ್ಬೆಟ್ಟು ಒತ್ತು’ ಅನ್ನುತ್ತಾನೆ. ಒತ್ತಿದರು. ಎರಡು ಮಾತಿನಲ್ಲಿ ಯಾರಾದರೂ ಬಿಡಿಸಿ ಹೇಳಿದ್ದರೆ ಎಷ್ಟೋ ಮುದುಕರ ಮನೆಯಲ್ಲಿ ಇವತ್ತು ಒಲೆ ಉರಿಯುತ್ತಿತ್ತು.

ಮರಗಸಿಯ ಮಾತೂ ಹಾಗೇ. ನೆರಳುಮರ ಹತ್ತಿ ಕೊಂಬೆ ಕಡಿಯುವವನು ಕೈ ಜಾರಿದರೆ ನೆಲಕ್ಕೆ. ಬೆನ್ನುಮೂಳೆ ಮುರಿದವರು ಪ್ರತಿ ಊರಲ್ಲೂ ಸಿಗುತ್ತಾರೆ. ಕೆಲಸದಲ್ಲಿದ್ದಾಗ ಪೂರ್ತಿ ಕೈಲಾಗದವನಾದರೆ ಹತ್ತು ವರ್ಷ ಬೇಕಾಗಿಲ್ಲ, ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಅಂಗವೈಕಲ್ಯ ಪಿಂಚಣಿ ಉಂಟು ಅಂತ 1995ರ ಯೋಜನೆಯಲ್ಲೇ ಇದೆ. ನಾವು ಮಾತಾಡಿಸಿದ ಮರಗಸಿಯವರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಹಾಸಿಗೆ ಹಿಡಿದ ಒಬ್ಬ ಅಣ್ಣ ಅಂದದ್ದು: ‘ಸಾವ್ಕಾರ್ರು ಆಸ್ಪತ್ರೆ ಖರ್ಚು ಕೊಟ್ರು ಸ್ವಾಮಿ, ದೇವ್ರಂತೋರು.’ ಹಕ್ಕು ಗೊತ್ತಿಲ್ಲದ ಕಡೆ ದಾನ ದೇವರಾಗಿ ಕೂರುತ್ತದೆ.

ತೋಟದ ಪಿಂಚಣಿ ತಪ್ಪಿದವರಿಗೆ ಉಳಿದದ್ದು ಕಂದಾಯ ಇಲಾಖೆಯ ಮಾಸಾಶನ. ವೃದ್ಧಾಪ್ಯ ವೇತನ ಅರವತ್ತರ ದಶಕದಲ್ಲಿ, ಅಂಗವಿಕಲರದು ಎಪ್ಪತ್ತರ ದಶಕದ ಕೊನೆಗೆ, ವಿಧವೆಯರದು 1984ರಲ್ಲಿ ಬಂತು. 1995ರ ಆಗಸ್ಟ್ 15ರಂದು ಕೇಂದ್ರ ತಿಂಗಳಿಗೆ 75 ರೂಪಾಯಿಯ ಪಾಲು ಸೇರಿಸಿತು. 2007ರಲ್ಲಿ ರಾಜ್ಯ ಸಂಧ್ಯಾ ಸುರಕ್ಷಾ ತಂದಾಗ ಅದು 400 ರೂಪಾಯಿ. ಆಗೆಲ್ಲ ದುಡ್ಡು ಮನಿಯಾರ್ಡರಿನಲ್ಲಿ ಬರುತ್ತಿತ್ತು. ತಂದುಕೊಟ್ಟವರ ಕಾಫಿ ಕಾಸಿಗೆ ಒಂದಷ್ಟು ಹೋಗುತ್ತಿತ್ತು, ಆದರೂ ಮನೆ ಬಾಗಿಲಿಗೆ ಬರುತ್ತಿತ್ತು. ಬ್ಯಾಂಕಿಗೆ ಹೋದ ಮೇಲೆ ಕಾಸು ಉಳಿಯಿತು, ಬಾಗಿಲು ದೂರವಾಯಿತು. ಒಂದು ದಿನದ ಕೂಲಿ ಬಿಟ್ಟು, ಬಸ್ ಕಾದು, ಇನ್ನೂ ಬಂದಿಲ್ಲ ಅನ್ನಿಸಿಕೊಂಡು ವಾಪಸ್ಸು ಬರಬೇಕು.

ಸೇವೆ ಸುಧಾರಿಸಲು ಸರ್ಕಾರ ಏನೂ ಮಾಡಿಲ್ಲ ಅಂತ ನಾವು ಅನ್ನೋದಿಲ್ಲ. 2012ರಲ್ಲಿ ಸಕಾಲ ಜಾರಿಗೆ ಬಂತು. ಅರ್ಜಿಗೆ ಗಡುವು ಬಿತ್ತು, ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಅಂತಾಯಿತು. ಕೈಗೆ ಒಂದು ನಂಬರಿನ ಚೀಟಿ ಬಂತು. ‘ನಾಳೆ ಬಾ’ ಅನ್ನುವ ಗುಮಾಸ್ತನ ಎದುರು ಆ ಚೀಟಿ ಸಣ್ಣ ಆಯುಧವೇ. 2023ರ ಜನವರಿಯಿಂದ ಪಿ.ಎಫ್. ಇಲಾಖೆ ಪ್ರತಿ ತಿಂಗಳು 27ರಂದು ಜಿಲ್ಲೆ ಜಿಲ್ಲೆಯಲ್ಲಿ ಶಿಬಿರ ನಡೆಸುವ ಪದ್ಧತಿ ತಂದಿತು. ಹೆಸರು ‘ನಿಧಿ ಆಪ್ಕೆ ನಿಕಟ್’. ನಿಮ್ಮ ಹತ್ತಿರ ಬಂದಿದ್ದೇವೆ ಅಂತ ಅದರ ಅರ್ಥವಂತೆ. ಹತ್ತಿರ ಬಂದವರು ನಮ್ಮ ಭಾಷೆಯಲ್ಲಿ ಕರೆಯಬಾರದೆ?

ಈಗ ಆ ಕವರಿನ ಅಜ್ಜಿಯ ಮಾತಿಗೆ ಬರೋಣ. ಕೊಟ್ಟಿಗೆಹಾರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಆಕೆಯ ಹೆಸರು ಇಲ್ಲಿ ಬೇಡ, ಬೈರಮ್ಮ ಅಂತಿಟ್ಟುಕೊಳ್ಳೋಣ. ಆಧಾರಿನಲ್ಲಿ ಬೈರಮ್ಮ. ಪಿ.ಎಫ್. ಚೀಟಿಯಲ್ಲಿ ಬೈರಿ. ಕಚೇರಿಯೊಂದರ ಕಂಪ್ಯೂಟರು ಇಬ್ಬರೂ ಬೇರೆ ಬೇರೆ ಅಂದಿತು. ಅಜ್ಜಿ ನಮ್ಮನ್ನು ಕೇಳಿದಳು: ‘ನಾನು ಬೈರೀನೇ ಕಣಪ್ಪ, ಸಾವ್ಕಾರ್ರ ಮನೇಲಿ ಯಾರು ಅಮ್ಮ ಅಂತಾರೆ ನಮ್ಮನ್ನ?’

ಈ ಪ್ರಶ್ನೆಯಲ್ಲಿ ಇಡೀ ಚರಿತ್ರೆ ಇದೆ. ಒಡೆಯನ ಹೆಂಡತಿ ಅಮ್ಮನವರು. ರೈಟರ ಹೆಂಡತಿ ಅಮ್ಮ. ಹೊಲಗೇರಿಯಿಂದ ಬಂದವಳು ಬೈರಿ, ಚೌಡಿ, ಕೆಂಪಿ. ಜಾತಿ ಕತ್ತರಿಸಿದ ಆ ಒಂದು ‘ಅಮ್ಮ’ ಚೆಕ್‌ರೋಲಿಗೆ ಹೋಯಿತು, ಅಲ್ಲಿಂದ ಪಿ.ಎಫ್. ಚೀಟಿಗೆ, ಅಲ್ಲಿಂದ ಕಂಪ್ಯೂಟರಿಗೆ ಹೋಯಿತು. ಆಕೆಯ ಮಕ್ಕಳು ಓದಿ ಗೌರವದಿಂದ ಬೈರಮ್ಮ ಅಂತ ಆಧಾರಿನಲ್ಲಿ ಬರೆಸಿದರು. ಆ ಗೌರವವೇ ಈಗ ತಪ್ಪಾಯಿತು! ಮೇಲ್ಜಾತಿಯವರ ಹೆಸರಿಗೆ ಈ ಅಪಾಯ ಕಡಿಮೆ, ಯಾಕೆಂದರೆ ಅದನ್ನು ಯಾರೂ ಮೊಟಕು ಮಾಡಿ ಬರೆಯಲಿಲ್ಲ. ಯಂತ್ರಕ್ಕೆ ಜಾತಿ ಇಲ್ಲ ಅಂತಾರೆ. ಯಂತ್ರಕ್ಕೆ ಉಣ್ಣಿಸಿದ ಪುಸ್ತಕಕ್ಕೆ ಇತ್ತಲ್ಲ?

ಹೆಸರು ತಿದ್ದಲು ಕಾರ್ಮಿಕರೂ ಮಾಲೀಕರೂ ಕೂಡಿ ಸಹಿ ಹಾಕಿದ ಅರ್ಜಿ ಬೇಕು ಅನ್ನೋದು ಹಳೆಯ ನಿಯಮ. ಮಾಲೀಕ ಎಲ್ಲಿದ್ದಾನೆ? 2000ದ ನಂತರದ ಒಂದೆರಡು ವರ್ಷಗಳಲ್ಲಿ ಜಗತ್ತಿನ ಕಾಫಿ ಬೆಲೆ ನೆಲ ಕಚ್ಚಿತು, ತೋಟಗಳು ಕೈ ಬದಲಾಯಿಸಿದವು. ಹೊಸ ಮಾಲೀಕ ಹಳೆಯ ಕೂಲಿಯವಳನ್ನು ಕಂಡವನಲ್ಲ. 2025ರ ಜನವರಿಯಲ್ಲಿ ಇಲಾಖೆ ನಿಯಮ ಸಡಿಲಿಸಿತು: ಆಧಾರ್ ಜೋಡಿಸಿ 2017ರ ಅಕ್ಟೋಬರ್ 1ರ ನಂತರ ನಂಬರು ಪಡೆದವರು ಮಾಲೀಕನ ಒಪ್ಪಿಗೆ ಇಲ್ಲದೆ ತಾವೇ ತಿದ್ದಿಕೊಳ್ಳಬಹುದು. ಒಳ್ಳೆಯದೇ. ಆದರೆ ಬೈರಮ್ಮ ದುಡಿದದ್ದು ಅದಕ್ಕಿಂತ ಬಹಳ ಹಿಂದೆ. ಸುಧಾರಣೆ ಎಳೆಯರಿಗೆ ಮೊದಲು ಸಿಕ್ಕಿತು, ಪಿಂಚಣಿ ಬೇಕಾದ ಮುದುಕರು ಸಾಲಿನ ಹಿಂದೆ ಉಳಿದರು. ಬೆರಳಚ್ಚಿನ ಕತೆಯೂ ಇಷ್ಟೇ. ಹಣ್ಣು ಕಿತ್ತು, ಕತ್ತಿ ಹಿಡಿದು ಸವೆದ ಬೆರಳಿನಲ್ಲಿ ಯಂತ್ರ ಗೆರೆ ಹುಡುಕುತ್ತದೆ. ದುಡಿದದ್ದಕ್ಕೆ ಗುರುತಾದ ಸವೆತವೇ ಗುರುತಿಲ್ಲದಂತೆ ಮಾಡುತ್ತದೆ. 2022ರಲ್ಲಿ ಪಿ.ಎಫ್. ಪಿಂಚಣಿದಾರರು ಬದುಕಿದ್ದಾರೆ ಅಂತ ಮುಖ ನೋಡಿ ದಾಖಲಿಸುವ ದಾರಿ ಬಂತು. ಅದಕ್ಕೆ ಒಳ್ಳೆ ಫೋನೂ ಸಿಗ್ನಲ್ಲೂ ಬೇಕು.

ಈಚೆಗೆ ಕಚೇರಿಗಳು ನಮ್ಮನ್ನು ಗ್ರಾಹಕರು ಅನ್ನತೊಡಗಿವೆ. ಗ್ರಾಹಕನಿಗೆ ಈ ಅಂಗಡಿ ಬೇಡ ಅಂದರೆ ಇನ್ನೊಂದು ಅಂಗಡಿ ಇರುತ್ತದೆ. ಪಿಂಚಣಿಗೆ ಇನ್ನೊಂದು ಅಂಗಡಿ ಎಲ್ಲಿದೆ? 1982ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ನಕಾರಾ ಪ್ರಕರಣದಲ್ಲಿ ಸರ್ಕಾರಿ ನೌಕರರ ಪಿಂಚಣಿ ಭಿಕ್ಷೆಯಲ್ಲ, ಹಿಂದೆ ದುಡಿದದ್ದಕ್ಕೆ ಸಲ್ಲುವ ಹಕ್ಕು ಅಂತ ತೀರ್ಪು ಕೊಟ್ಟಿತು. ಕುರ್ಚಿಯಲ್ಲಿ ದುಡಿದವರಿಗೆ ನಿಜವಾದದ್ದು ಮರದ ಮೇಲೆ ದುಡಿದವರಿಗೆ ಸುಳ್ಳಾಗಬಾರದು.

ಹಾಗಾಗಿ ನಮ್ಮ ಬೇಡಿಕೆ ನಗುಮುಖದ ಕೌಂಟರಲ್ಲ. ಚೆಕ್‌ರೋಲ್ ಬರೆದವರು ತಪ್ಪು ಬರೆದರೆ ತಿದ್ದುವ ಹೊಣೆ ಬರೆಸಿದವರದು ಮತ್ತು ಇಟ್ಟುಕೊಂಡವರದು, ಅಜ್ಜಿಯದಲ್ಲ. ಲೈನಿನ ನಾಲ್ಕು ಜನ ಇವಳೇ ಅವಳು ಅಂತ ಹೇಳಿದರೆ ಅದನ್ನು ಸಾಕ್ಷಿ ಅಂತ ಒಪ್ಪಬೇಕು. 10ಸಿಗೆ ಹೆಬ್ಬೆಟ್ಟು ಒತ್ತಿಸುವ ಮೊದಲು ಎರಡು ದಾರಿಯನ್ನೂ ಕನ್ನಡದಲ್ಲಿ, ಬೇಕಾದರೆ ತುಳುವಿನಲ್ಲಿ, ತಮಿಳಿನಲ್ಲಿ ಬಾಯಿಬಿಟ್ಟು ಹೇಳಬೇಕು. ಈಗ ಹಣ್ಣು ಕೊಯ್ಯಲು ಬರುತ್ತಿರುವ ಅಸ್ಸಾಮಿನ, ಬಂಗಾಳದ ಹುಡುಗರಿಗೂ ಹೇಳಬೇಕು. ಇಲ್ಲದಿದ್ದರೆ ಮೂವತ್ತು ವರ್ಷದ ಮೇಲೆ ಅವರೂ ಇದೇ ಕವರು ಹಿಡಿದು ಕೂರುತ್ತಾರೆ. ಶಿಬಿರ ಜಿಲ್ಲಾ ಕೇಂದ್ರದಲ್ಲೇ ನಿಲ್ಲದೆ ಕೊಟ್ಟಿಗೆಹಾರದ ಕವಲಿಗೆ, ಬಾಳೂರಿಗೆ, ಕಳಸಕ್ಕೆ ಬರಬೇಕು. ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಬರೆದುಕೊಡಬೇಕು.

ನಮ್ಮ ಓದಿದ ಹುಡುಗರಿಗೂ ಒಂದು ಮಾತು. ಭಾಷಣ ಮುಗಿಸಿ ಬರುವಾಗ ಲೈನು ಮನೆಗಳ ಕಡೆ ಒಂದು ಸುತ್ತು ಹೋಗಿ. ಅಜ್ಜಿಯ ಕವರು ಬಿಚ್ಚಿಸಿ ಓದಿ. ನಾವು ಅರ್ಜಿ ಬರೆದುಕೊಟ್ಟಾಗ ಮೊದಲ ಸಾಲಿನಲ್ಲಿ ‘ಬೈರಿ ಎಂಬ ಬೈರಮ್ಮ’ ಅಂತ ಬರೆದೆವು. ಓದಿ ಹೇಳಿದೆವು. ಅಜ್ಜಿ ಸುಮ್ಮನೆ ಕೇಳಿಸಿಕೊಂಡು, ಸವೆದ ಬೆರಳಿಗೆ ಮಸಿ ಹಚ್ಚುವ ಮೊದಲು ಅಂದಳು: ‘ಬೈರಿ ಹೊಡೆದಾಕಿ, ಬರೀ ಬೈರಮ್ಮ ಅಂತ ಬರೀರಪ್ಪ.’

ಹಾಗೆ ಬರೆದರೆ ದುಡ್ಡು ಬರೋದಿಲ್ಲ ಅಂತ ಆಕೆಗೆ ಹೇಳಬೇಕಾಯಿತು. ಎರಡು ಹೆಸರೂ ಅರ್ಜಿಯಲ್ಲಿ ಉಳಿದವು.